ಪೇಟೆಗೆ ಮುಖ ಮಾಡಿದವಳು

ಸೇತುವೆಯ ನಡುಗಂಬದ ಪೀಠ ಒಂದು ತಿಂಗಳಿಂದ ಖಾಲಿಯಾಗಿತ್ತು. ಹಲ್ಲು ಬಿದ್ದ ಜಾಗಕ್ಕೆ ನಾಲಗೆ ಮತ್ತೆ ಮತ್ತೆ ಹೋಗುವ ಹಾಗೆ ಊರಿನವರ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಇವತ್ತು ಮಧ್ಯಾಹ್ನ, ಹೊಳೆಯ ನೀರು ಇಳಿದ ಮೇಲೆ, ದೀಪ ಹಿಡಿದ ಕಲ್ಲಿನ ಹೆಂಗಸು ಅಲ್ಲಿಗೆ ವಾಪಸು ಬರಲಿದ್ದಳು. ಆದರೆ ಯಾವ ಕಡೆಗೆ ಮುಖ ಮಾಡಿ ನಿಲ್ಲಬೇಕು? ಅದು ತೀರ್ಮಾನವಾಗುವುದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಪುರಭವನದಲ್ಲಿ, ನೆಟ್ಟಗಣ್ಣ ಬಾಯಿ ಬಿಟ್ಟ ಮೇಲೆ.

ನೆಟ್ಟಗಣ್ಣ ನಗರಸಭೆಯಲ್ಲಿ ಕಲ್ಲು ಕೂರಿಸುವ ಕೆಲಸದವನು. ಐವತ್ತಾರು ವರ್ಷ, ಅಗಲವಾದ ಅಂಗೈ, ಎಡಗೈ ಹೆಬ್ಬೆರಳಿಗೆ ಉಗುರಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಅಂಗಿಯ ಜೇಬಿನಲ್ಲಿ ಯಾವಾಗಲೂ ದಾರಕ್ಕೆ ಕಟ್ಟಿದ ತೂಕದ ಗುಂಡು ಇಟ್ಟುಕೊಂಡು, ಸಿಕ್ಕ ಸಿಕ್ಕ ಗೋಡೆಗೆ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ "ನೆಟ್ಟಗಿದೆಯಾ?" ಎಂದು ಕೇಳುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡೇ ಎದ್ದು ಕನ್ನಡಿಯನ್ನು ಸರಿಮಾಡಿ ಬಂದು ಕೂತವನು ಅವನು. ಒಮ್ಮೆ ಎಂಜಿನಿಯರ್ ಸಾಹೇಬರು ಹೊಸದಾಗಿ ಕಟ್ಟಿಸಿದ ಮೆಟ್ಟಿಲಿನ ಪಕ್ಕದ ಗೋಡೆಗೆ ಗುಂಡು ಇಳಿಬಿಟ್ಟು, ಎಲ್ಲರೆದುರಿಗೇ "ಸಾರ್, ಇದು ಕುಡಿದು ಒಂದು ಬೆರಳಷ್ಟು ವಾಲಿಬಿಟ್ಟಿದೆ" ಎಂದಿದ್ದ. ಮಾತೂ ಹಾಗೆಯೇ, ನೆಟ್ಟಗೆ. ಸುಳ್ಳು ಹೇಳಲು ಅವನಿಗೆ ಬರುತ್ತಲೇ ಇರಲಿಲ್ಲ. ಹೇಳಹೊರಟರೆ ಕಿವಿಗಳೆರಡೂ ಕೆಂಪಗಾಗಿ ಅವನನ್ನು ಹಿಡಿದುಕೊಡುತ್ತಿದ್ದವು.

ಇಂಥವನು ತನ್ನ ಜೀವನದಲ್ಲಿ ಒಂದೇ ಒಂದು ಕಲ್ಲನ್ನು ತಿರುವುಮುರುವಾಗಿ ಕೂರಿಸಿದ್ದ. ಆ ಕಲ್ಲು ಊರಿಗೇ ಗುರುತಾಗಿ ಕೂತುಬಿಟ್ಟಿತ್ತು.

ಸೇತುವೆ ಕಟ್ಟಿಸಿದ್ದು ನೂರು ವರ್ಷದ ಹಿಂದಿನ ದೊರೆ. ಹೊಳೆಯ ಆ ದಡದಲ್ಲಿ ಅರಮನೆ, ಈ ದಡದಲ್ಲಿ ಪೇಟೆ. ಕಂಬಗಳ ಮೇಲೆ ನಾಲ್ಕು ಪ್ರತಿಮೆಗಳು: ನೇಗಿಲು ಹೊತ್ತ ರೈತ, ಹುಟ್ಟು ಹಿಡಿದ ಅಂಬಿಗ, ಸುತ್ತಿಗೆ ಹಿಡಿದ ಕಮ್ಮಾರ, ಎಲ್ಲರಿಗಿಂತ ಎತ್ತರದಲ್ಲಿ ನಡುಗಂಬದ ಮೇಲೆ ದೀಪ ಹಿಡಿದ ಹೆಂಗಸು. ನಾಲ್ವರ ಮುಖವೂ ಅರಮನೆಯ ಕಡೆಗೇ. ಬೆಳೆ, ದೋಣಿ, ಕಬ್ಬಿಣ, ಕೊನೆಗೆ ಬೆಳಕು ಕೂಡ ತನ್ನ ಬಾಗಿಲಿಗೇ ಬರಬೇಕು ಎಂದು ದೊರೆ ಕಲ್ಲಿನಲ್ಲಿ ಬರೆಸಿದ್ದ. ಆಮೇಲೆ ದೊರೆತನ ಹೋಯಿತು, ಸೇನಾಪತಿಗಳು ಬಂದರು, ಅವರೂ ಹೋಗಿ ಮಂತ್ರಿಗಳು ಬಂದರು. ಪೀಠದ ಮೇಲಿನ ಮುದ್ರೆಯನ್ನು ಪ್ರತಿ ಸಲವೂ ಕೆತ್ತಿ ತೆಗೆದರು. ಸಿಂಹ ಹೋಗಿ ಕತ್ತಿ ಬಂತು, ಕತ್ತಿ ಹೋಗಿ ತೆನೆ ಬಂತು. ಪ್ರತಿಮೆಗಳ ಮುಖವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅರಮನೆಯಲ್ಲಿ ಕೂತವರು ಯಾರೇ ಆದರೂ ನಾಲ್ಕು ಜನ ತಮ್ಮ ಕಡೆ ನೋಡುತ್ತ ನಿಂತಿರುವುದು ಅವರಿಗೆ ಇಷ್ಟವಾಗುತ್ತಿತ್ತು. ಪೇಟೆಯವರಿಗೆ ಕಾಣುತ್ತಿದ್ದುದು ನಾಲ್ಕು ಬೆನ್ನು. ದೀಪದ ಹೆಂಗಸನ್ನು ಅವರು ಬೆನ್ನಮ್ಮ ಎಂದೇ ಕರೆಯುತ್ತಿದ್ದರು.

ಮೂವತ್ತನಾಲ್ಕು ವರ್ಷದ ಹಿಂದೆ ಪ್ರತಿಮೆಗಳನ್ನು ಇಳಿಸಿ, ತೊಳೆದು, ಮತ್ತೆ ಕೂರಿಸುವ ಕೆಲಸ ಶುರುವಾಯಿತು. ಆಗ ನೆಟ್ಟಗಣ್ಣನಿಗೆ ಇಪ್ಪತ್ತೆರಡು. ಸಮುದ್ರದಿಂದ ದೂರದ, ಬೆಟ್ಟದ ಮೇಲಿನ ಹಳ್ಳಿಯಿಂದ ಬಂದು ತಿಂಗಳೂ ಆಗಿರಲಿಲ್ಲ. ಕೆಲಸದವರಲ್ಲಿ ಒಂದು ಪದ್ಧತಿ ಇತ್ತು. ಕಲ್ಲು ಇಳಿಸುವ ಮೊದಲು ಅದರ ಬುಡದಲ್ಲಿ ಸೀಮೆಸುಣ್ಣದಿಂದ ಒಂದು ಬಾಣ ಬರೆಯಬೇಕು, ಬಾಣದ ಮೂತಿ ಹೊಳೆ ಹರಿಯುವ ದಿಕ್ಕಿಗೆ ಇರಬೇಕು. ಎಡ ಬಲ ಎಂದರೆ ಎದುರು ಬದುರು ನಿಂತ ಇಬ್ಬರಿಗೆ ಬೇರೆ ಬೇರೆ ಆಗುತ್ತದೆ, ಹೊಳೆ ಎಲ್ಲರಿಗೂ ಒಂದೇ ಎಂದು ಮುದುಕ ಮೇಸ್ತ್ರಿ ಹೇಳಿಕೊಟ್ಟಿದ್ದ. ಮೂರು ಪ್ರತಿಮೆಗಳಿಗೆ ಮೇಸ್ತ್ರಿಯೇ ಬಾಣ ಬರೆದ. ನಾಲ್ಕನೆಯದಕ್ಕೆ ಮೊಣಕಾಲು ನೋವೆಂದು ಕೆಳಗೇ ಉಳಿದು, ಈ ಹೊಸಬನನ್ನು ಹತ್ತಿಸಿದ. ಹೊಸಬ ಮೇಲೆ ಹೋಗಿ ನೀರು ನೋಡಿದ, ಹರಿಯುವ ಕಡೆಗೆ ಬಾಣ ಬರೆದ.

ಅದು ಉಬ್ಬರದ ಹೊತ್ತು. ಸಮುದ್ರ ಉಬ್ಬಿದಾಗ ಉಪ್ಪುನೀರು ಒಳಕ್ಕೆ ನುಗ್ಗಿ ಆ ಹೊಳೆ ನಾಲ್ಕೈದು ಗಂಟೆ ಹಿಂದಕ್ಕೆ ಹರಿಯುತ್ತದೆ. ಪೇಟೆಯ ಮಕ್ಕಳಿಗೂ ಗೊತ್ತಿದ್ದ ಈ ಸಂಗತಿ ಬೆಟ್ಟದ ಮೇಲೆ ಹುಟ್ಟಿದವನಿಗೆ ಯಾರೂ ಹೇಳಿರಲಿಲ್ಲ. ಅವನ ಹಳ್ಳಿಯ ಹಳ್ಳ ಹುಟ್ಟಿದಾರಭ್ಯ ಒಂದೇ ಕಡೆ ಹರಿಯುತ್ತಿತ್ತು.

ಪ್ರತಿಮೆ ಶೆಡ್ಡಿನಿಂದ ಗೋಣಿತಾಟು, ಒಣಹುಲ್ಲು ಸುತ್ತಿಕೊಂಡೇ ವಾಪಸು ಬಂತು. ಮುಂದೆ ದೀಪ ಹಿಡಿದ ಕೈ, ಹಿಂದೆ ದೊಡ್ಡ ತುರುಬು. ಸುತ್ತಿದ ಮೇಲೆ ಎರಡೂ ಒಂದೇ ಥರದ ಉಬ್ಬು. ಕೂರಿಸುವಾಗ ಇಳಿತದ ಹೊತ್ತು, ಹೊಳೆ ಸಮುದ್ರದ ಕಡೆಗೆ ಸರಿಯಾಗಿ ಹರಿಯುತ್ತಿತ್ತು. ಬಾಣವನ್ನು ಹೊಳೆಗೆ ಹೊಂದಿಸಿ ಕೂರಿಸಿದರು. ನೆಟ್ಟಗಣ್ಣ ಗುಂಡು ಇಳಿಬಿಟ್ಟು ನೋಡಿದ. ಕೂದಲೆಳೆಯಷ್ಟೂ ವಾಲಿರಲಿಲ್ಲ.

ಮಾರನೆಯ ದಿನ ಅರಮನೆಯ ಕಡೆಯಿಂದ ಬ್ಯಾಂಡು, ಶಾಮಿಯಾನ, ಮಂತ್ರಿಗಳು. ಮಂತ್ರಿಗಳು ಹಗ್ಗ ಎಳೆದರು, ಗೋಣಿ ಜಾರಿ ಬಿತ್ತು. ಅವರ ಕಣ್ಣೆದುರಿಗೆ ಕಲ್ಲಿನ ತುರುಬು! ಬ್ಯಾಂಡಿನವನ ತುತ್ತೂರಿ ಅರ್ಧ ಸ್ವರಕ್ಕೇ ನಿಂತಿತು. ಪೇಟೆಯ ಕಡೆಯಿಂದ ಎದ್ದ ಕೂಗಿಗೆ ಸೇತುವೆಯ ಕೆಳಗಿನ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿಹೋದವು.

ಪೇಟೆಯವರು ಆವತ್ತೇ ಮೊದಲ ಸಲ ಅವಳ ಮುಖ ನೋಡಿದ್ದು. ಅರಮನೆ ಕಡೆ ನೋಡುವವಳು ಯಾರೋ ರಾಜಕುಮಾರಿಯೇ ಇರಬೇಕೆಂದು ಅವರು ನಂಬಿದ್ದರು. ನೋಡಿದರೆ ರವಿಕೆಯ ತೋಳನ್ನು ಮೊಣಕೈವರೆಗೆ ಮಡಚಿದ, ದಪ್ಪ ಗೆಣ್ಣಿನ, ಕೆಲಸದ ನಡುವೆ ಎದ್ದು ಬಂದಂತಿದ್ದ ಹೆಂಗಸು. ಸೇತುವೆಯ ಬುಡದಲ್ಲೇ ಐವತ್ತು ವರ್ಷ ಈರುಳ್ಳಿ ಮಾರಿದ್ದ ಅಜ್ಜಿಯೊಬ್ಬಳು ಬುಟ್ಟಿ ಬಿಟ್ಟು ಎದ್ದು ನಿಂತು, ಎರಡೂ ಕೈಯನ್ನು ಕೆನ್ನೆಗೆ ಹಚ್ಚಿಕೊಂಡು ಕೂಗಿದಳು: "ಅಯ್ಯಯ್ಯೋ, ಇವಳ ಮೂಗೂ ನನ್ ಥರಾನೇ ಚಪ್ಪಟೆ ಕಣ್ರೇ! ಇವಳು ನಮ್ಮವಳೇ!"

ಅದಾದ ಮೇಲೆ ನಡೆದದ್ದು ಊರಿಗೆಲ್ಲ ಗೊತ್ತು. ಬೆನ್ನಮ್ಮ ದೀಪದಕ್ಕ ಆದಳು. ಬೆಳಕು ಅರಮನೆಯನ್ನು ಬಿಟ್ಟು ಜನರ ಕಡೆ ತಿರುಗಿತು ಎಂದು ಪತ್ರಿಕೆಗಳು ಬರೆದವು. ಮೆರವಣಿಗೆಗಳು ಅವಳ ಕಾಲ ಬುಡದಿಂದಲೇ ಹೊರಡತೊಡಗಿದವು. ತಿರುಗಿಸಿದರೆ ಹೆದರಿದೆವೆಂದು ಆಡಿಕೊಳ್ಳುತ್ತಾರೆ ಎಂದು ಸರ್ಕಾರ ಸುಮ್ಮನಾಯಿತು. ಆರನೇ ತರಗತಿಯ ಪುಸ್ತಕದಲ್ಲಿ 'ಹೆಸರಿಲ್ಲದ ಕಾರ್ಮಿಕನ ಧೈರ್ಯ' ಎಂಬ ಪಾಠವೇ ಬಂತು. ಈರುಳ್ಳಿ ಅಜ್ಜಿಯ ಮೊಮ್ಮಗಳು, ಕಲ್ಲು ಕೂರಿಸಿದವನು ಯಾರೆಂದು ವಿಚಾರಿಸಿಕೊಂಡು ಬಂದು, ನೋಡಿ, ಕೊನೆಗೆ ಅವನನ್ನೇ ಮದುವೆಯಾದಳು. "ಯಾರಿಗೂ ಹೆದರದೆ ತಿರುಗಿಸಿದ್ರಲ್ಲ, ಅದಕ್ಕೇ ಒಪ್ಪಿದ್ದು" ಎಂದು ಅವಳು ಹೇಳಿದಾಗ ನೆಟ್ಟಗಣ್ಣ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವನು ಆಡದ ಆ ಒಂದು ಮಾತಿಗೆ ಮೂವತ್ತನಾಲ್ಕು ವರ್ಷ ತುಂಬಿತ್ತು.

ಈಗ ಮತ್ತೆ ನಾಲ್ಕೂ ಪ್ರತಿಮೆಗಳ ರಿಪೇರಿ, ಉಳಿದ ಮೂರು ಆಗಲೇ ವಾಪಸು ಕೂತಿದ್ದವು. ದೊರೆಯ ಕಾಲದ ನಕ್ಷೆ ಎಲ್ಲೋ ಕಪಾಟಿನಲ್ಲಿ ಸಿಕ್ಕಿ, ಅದರಲ್ಲಿ ಹೆಂಗಸು ಅರಮನೆಗೆ ಮುಖ ಮಾಡಿರುವುದನ್ನು ಒಬ್ಬ ಪ್ರೊಫೆಸರರು ತೋರಿಸಿದರು. ಸಮಿತಿ ಕೂತಿತು. ಹಳೆಯ ಕಟ್ಟಡಗಳ ಕಾನೂನು ಸ್ಪಷ್ಟವಾಗಿತ್ತು: ಕೈತಪ್ಪಿನಿಂದ ಆದ ಬದಲಾವಣೆಯನ್ನು ಸರಿಪಡಿಸಬೇಕು, ತಿಳಿದು ಮಾಡಿದ ಬದಲಾವಣೆ ಚರಿತ್ರೆಯ ಭಾಗ, ಅದನ್ನು ಮುಟ್ಟಬಾರದು. ಹಳೆಯ ಹಾಜರಿ ಪುಸ್ತಕ ತೆಗೆದರೆ ಆವತ್ತಿನ ಗುಂಪಿನಲ್ಲಿ ಬದುಕಿರುವವನು ನೆಟ್ಟಗಣ್ಣನೊಬ್ಬನೇ. 'ತಿಳಿದೇ ಮಾಡಿದೆ' ಎಂದರೆ ದೀಪದಕ್ಕ ಪೇಟೆ ಕಡೆ ನೋಡುತ್ತಾಳೆ. 'ತಪ್ಪಾಯಿತು' ಎಂದರೆ ಮತ್ತೆ ಬೆನ್ನಮ್ಮ.

ಬೆಳಿಗ್ಗೆ ಎದ್ದಾಗಿನಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಯಲ್ಲಿ ಹೆಂಡತಿ ಈರುಳ್ಳಿ ಮೂಟೆಯ ಬಾಯಿ ಬಿಚ್ಚಿ ದಪ್ಪ ಸಣ್ಣ ಬೇರೆ ಮಾಡುತ್ತಿದ್ದಳು. ಅವಳು ಮಾರಲು ಕೂರುವುದು ಈಗಲೂ ಸೇತುವೆಯ ಬುಡದಲ್ಲಿ, ಅಜ್ಜಿಯ ಜಾಗದಲ್ಲೇ.

"ಹೊಸ ಅಂಗಿ ಹಾಕ್ಕೊಳ್ಳಿ. ಟಿವಿಯವರು ಬರ್ತಾರಂತೆ" ಎಂದಳು.

"ಏ, ಒಂದು ಮಾತು ಹೇಳ್ಬೇಕಿತ್ತು."

"ಹೇಳಿ, ಕೈ ಕೆಲಸ ಮಾಡ್ತಿದೆ, ಕಿವಿ ಖಾಲಿ ಇದೆ."

ಅವನು ನಿಂತುಕೊಂಡೇ ತಪ್ಪಾದ ಬಗೆ ಹೇಳಿದ. ಬಾಣ, ಉಬ್ಬರ, ಗೋಣಿ. ಅವಳ ಕೈಯಿಂದ ಒಂದು ಈರುಳ್ಳಿ ಜಾರಿ ಉರುಳುತ್ತ ಬಾಗಿಲವರೆಗೂ ಹೋಯಿತು.

"ಅಂದ್ರೆ ಬೇಕು ಅಂತ ತಿರುಗಿಸಿದ್ದಲ್ವಾ?"

"ಅಲ್ಲ."

"ರೀ! ಮೂವತ್ತನಾಲ್ಕು ವರ್ಷ ಬಂದ ಬಂದ ಗಿರಾಕಿಗೆಲ್ಲ ಹೇಳಿದ್ದೀನಲ್ರೀ! ಒಂದು ಕೆಜಿಗೆ ಒಂದು ಸಲ ಅಂತ ಹೇಳಿದ್ದೀನಿ! ಹೊಳೆ ಯಾವ ಕಡೆ ಹರಿಯುತ್ತೆ ಅಂತ ಗೊತ್ತಿಲ್ದವರನ್ನ ಕಟ್ಕೊಂಡೆ ಅಂತ ನಾಳೆಯಿಂದ ಹೇಳ್ಲಾ?"

"ನಾನು ಏನು ಹೇಳ್ಲಿ ಅಲ್ಲಿ? ಸುಳ್ಳು ಹೇಳಿದ್ರೆ ಅವಳು ಉಳೀತಾಳೆ."

ಅವಳು ಕಣ್ಣೊರೆಸಿಕೊಂಡಳು. ಈರುಳ್ಳಿಯಿಂದಲೋ ಸಿಟ್ಟಿನಿಂದಲೋ ಅವನಿಗೆ ತಿಳಿಯಲಿಲ್ಲ. ಅವನ ಕಿವಿಯನ್ನೊಮ್ಮೆ ದಿಟ್ಟಿಸಿ ನೋಡಿ ಹೇಳಿದಳು: "ಸುಳ್ಳು ನಿಮಗೆ ಬರಲ್ಲ. ಟಿವಿಯಲ್ಲಿ ಕಿವಿ ಟೊಮೇಟೊ ಆಗಿ ಕಾಣ್ಸುತ್ತೆ, ಅದಿನ್ನೂ ಮರ್ಯಾದೆ ಹೋಗೋ ಕೆಲಸ. ಇದ್ದದ್ದು ಇದ್ದಂಗೆ ಹೇಳಿ ಬನ್ನಿ. ಹೇಳೋದಾದ್ರೆ ಪೂರ್ತಿ ಹೇಳಿ, ಅರ್ಧಂಬರ್ಧ ಬೇಡ. ನಡೀರಿ, ನಾನೂ ಬರ್ತೀನಿ."

ಪುರಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳಲ್ಲೂ ತಲೆಗಳು. ಹಿಂದಿನ ಸಾಲುಗಳಲ್ಲಿ ಮೀನುಗಾರರು, ಪೇಟೆಯ ಹೆಂಗಸರು, ಶಾಲೆಗೆ ಚಕ್ಕರ್ ಹೊಡೆದು ಬಂದ ಮಾಸ್ತರರು. ಮೇಜಿನ ಹಿಂದೆ ಸಮಿತಿಯ ಅಧ್ಯಕ್ಷರಾದ ನಿವೃತ್ತ ನ್ಯಾಯಾಧೀಶರು, ನಕ್ಷೆಯ ಪ್ರೊಫೆಸರರು, ಈ ರಿಪೇರಿಯ ಉಸ್ತುವಾರಿ ಹೊತ್ತ ಯುವ ಅಧಿಕಾರಿಣಿ. ಅವಳ ಮುಂದೆ ಒಂದು ತಗಡಿನ ಬಿಸ್ಕತ್ತಿನ ಡಬ್ಬಿ ಇತ್ತು. ತಿಂಡಿ ತಂದಿದ್ದಾಳೆ ಎಂದುಕೊಂಡ ನೆಟ್ಟಗಣ್ಣ.

"ಪ್ರತಿಮೆ ಪೇಟೆ ಕಡೆ ಮುಖ ಮಾಡಿ ಕೂರ್ಸಿದ್ದು ನೀವೇನಾ?" ಅಧ್ಯಕ್ಷರು ಕೇಳಿದರು.

"ಹೌದು ಸಾರ್. ನಾನೇ."

ಚಪ್ಪಾಳೆಯ ಸುರಿಮಳೆ. ಯಾರೋ ಸಿಳ್ಳೆ ಹೊಡೆದರು. ಅಧ್ಯಕ್ಷರು ಮೇಜು ಕುಟ್ಟಬೇಕಾಯಿತು.

"ಬೇಕು ಅಂತಲೇ?"

ನೆಟ್ಟಗಣ್ಣ ಜೇಬಿನೊಳಗಿನ ಗುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ಇಲ್ಲ ಸಾರ್. ತಪ್ಪಾಯ್ತು. ಉಬ್ಬರದಲ್ಲಿ ಹೊಳೆ ಹಿಂದಕ್ಕೆ ಹರಿಯುತ್ತೆ ಅಂತ ಆಗ ನಂಗೆ ಗೊತ್ತಿರ್ಲಿಲ್ಲ. ಬಾಣ ಉಲ್ಟಾ ಬರೆದೆ."

ಹಿಂದಿನ ಸಾಲಿನ ಮೀನುಗಾರನೊಬ್ಬ ತೊಡೆ ತಟ್ಟಿಕೊಂಡು ನಕ್ಕ. "ಯಪ್ಪಾ, ಉಬ್ಬರ ಇಳಿತ ಗೊತ್ತಿಲ್ದೋನನ್ನ ಸೇತುವೆ ಮೇಲೆ ಹತ್ತಿಸಿದ್ರಾ!" ಇನ್ನೊಂದು ಮೂಲೆಯಿಂದ "ಎಷ್ಟು ಕೊಟ್ರು ನಿಂಗೆ ಅರಮನೆಯವರು?" ಎಂಬ ಕೂಗು. ಮಾಸ್ತರರೊಬ್ಬರು "ಪಾಠ ಮಾಡ್ತಾ ಇಪ್ಪತ್ತು ವರ್ಷ ಕಣ್ಣೀರು ಹಾಕಿದ್ದೀನಲ್ಲಯ್ಯಾ" ಎಂದು ತಲೆ ಮೇಲೆ ಕೈ ಹೊತ್ತರು. ಮೂರನೇ ಸಾಲಿನಲ್ಲಿ ಹೆಂಡತಿ ಯಾರನ್ನೂ ನೋಡದೆ ನೆಟ್ಟಗೆ ಕೂತಿದ್ದಳು.

ಪ್ರೊಫೆಸರರು ಕಡತ ಮುಚ್ಚಿ ದಾರ ಕಟ್ಟತೊಡಗಿದರು. "ಅಲ್ಲಿಗೆ ಮುಗೀತು. ಕೈತಪ್ಪು. ಮಧ್ಯಾಹ್ನ ಅರಮನೆ ಕಡೆ ಕೂರಿಸೋಣ."

"ಒಂದು ನಿಮಿಷ" ಎಂದು ಅಧಿಕಾರಿಣಿ ಎದ್ದಳು. ಡಬ್ಬಿಯ ಮುಚ್ಚಳ ತೆಗೆದು ನಾಲ್ಕು ಬೂದು ಬಣ್ಣದ ಉಂಡೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. "ಅಣ್ಣಾ, ಇವೇನು ಹೇಳಿ."

ನೆಟ್ಟಗಣ್ಣನಿಗೆ ದೂರದಿಂದಲೇ ಗೊತ್ತಾಯಿತು. "ಸೀಸ, ಮೇಡಂ. ಪ್ರತಿಮೆ ಬುಡದ ಕಬ್ಬಿಣದ ಗೂಟ ಅಲ್ಲಾಡದ ಹಾಗೆ ಸುತ್ತಲೂ ಕಾಯಿಸಿ ಹುಯ್ತೀವಿ."

"ರೈತ, ಅಂಬಿಗ, ಕಮ್ಮಾರ, ಈ ಮೂರರ ಬುಡದ ಸೀಸದ ಮೇಲೆ ಸುಟ್ಟ ಗೋಣಿಯ ನಾರು ಅಂಟ್ಕೊಂಡಿದೆ. ಗೋಣಿ ಸುತ್ತಿದ್ದಾಗಲೇ ಹುಯ್ದಿದ್ದು, ಅಲ್ವಾ? ನಾಲ್ಕನೇದು ದೀಪದಕ್ಕಂದು. ಇದರಲ್ಲಿ ಒಂದು ಎಳೆ ನಾರೂ ಇಲ್ಲ. ಅಂದ್ರೆ ಗೋಣಿ ಬಿದ್ದ ಮೇಲೆ, ಮಂತ್ರಿಗಳು ಹಗ್ಗ ಎಳೆದ ಮೇಲೆ ಹುಯ್ದಿದ್ದು. ಅಷ್ಟು ಹೊತ್ತಿಗೆ ತಪ್ಪಾಗಿದೆ ಅಂತ ನಿಮಗೆ ಗೊತ್ತಿತ್ತಲ್ವಾ?"

ಮೂವತ್ತನಾಲ್ಕು ವರ್ಷ ತಪ್ಪಿನ ಬಗ್ಗೆಯೇ ಕೊರಗಿದವನು ಸಮಾರಂಭದ ಮಾರನೆಯ ದಿನದ ಕಡೆ ತಲೆ ಹಾಕಿಯೂ ನೋಡಿರಲಿಲ್ಲ. ತಪ್ಪಿಗಿಂತ ಆ ದಿನದ ನಾಚಿಕೆ ದೊಡ್ಡದಾಗಿತ್ತು. ಅವನು ಹೆಂಡತಿಯ ಕಡೆ ನೋಡಿದ. ಅವಳು ಗಲ್ಲ ಎತ್ತಿ, ಹೇಳಿ ಎಂಬಂತೆ ಸನ್ನೆ ಮಾಡಿದಳು.

"ಗೊತ್ತಿತ್ತು ಮೇಡಂ" ಎಂದ. "ಸಮಾರಂಭ ಎರಡು ದಿನ ಮುಂಚೆ ಇಟ್ಟುಬಿಟ್ರು, ಸೀಸ ಸಾಲ್ಲಿಲ್ಲ. ಹಾಗೇ ಭಾರದ ಮೇಲೆ ನಿಲ್ಲಿಸಿದ್ವಿ. ಸಮಾರಂಭದ ಮಾರನೇ ದಿನ ಬೆಳಿಗ್ಗೆ ಮೇಸ್ತ್ರಿ ಕರೆದು ಹೇಳಿದ್ರು, ಕ್ರೇನು ಇನ್ನೂ ನಾಲ್ಕು ದಿನ ಇಲ್ಲೇ ಇರುತ್ತೆ, ಸದ್ದಿಲ್ದೆ ತಿರುಗಿಸಿಬಿಡೋಣ, ಹಗ್ಗ ಕಟ್ಟು ಅಂತ. ನಾನು ಹತ್ತಿ ಇಳಿದು ಬಂದ್ಮೇಲೆ, ಸೀಸ ಹುಯ್ದಿಲ್ಲ ತಾನೇ ಅಂತ ಕೇಳಿದ್ರು. ನಾನು..."

"ನೀವು?"

"ಹುಯ್ದಾಗಿದೆ ಅಂದೆ. ಈಗ ಎತ್ತಿದ್ರೆ ಕಾಲಿನ ಹತ್ರ ಸೀಳು ಬಿಡುತ್ತೆ ಅಂದೆ. ನನ್ನ ಕಿವಿ ಕೆಂಪಗಾಗಿರ್ಬೇಕು, ಆದ್ರೆ ಅವರು ಮಂತ್ರಿಗಳ ಕಾರು ಬರುತ್ತೇನೋ ಅಂತ ರಸ್ತೆ ನೋಡ್ತಿದ್ರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಸೀಸ ಕಾಯಿಸ್ಕೊಂಡು ಒಬ್ಬನೇ ಹತ್ತಿ ಹುಯ್ದೆ. ಅನ್ನ ಹಾಕಿದ ಮೇಸ್ತ್ರಿಗೆ ಸುಳ್ಳು ಹೇಳ್ದೆ ಸಾರ್. ಅದನ್ನ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ."

"ಯಾಕೆ ಹಾಗೆ ಮಾಡಿದ್ರಿ?" ಅಧ್ಯಕ್ಷರು ಮುಂದಕ್ಕೆ ಬಾಗಿದರು.

"ಹಗ್ಗ ಕಟ್ಟೋಕೆ ಅಂತ ಹತ್ತಿದ್ದೆ ಸಾರ್. ಕೆಳಗೆ ನೋಡಿದ್ರೆ ಈರುಳ್ಳಿ ಅಜ್ಜಿ ಪೇಟೆ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಕೈಹಿಡಿದು ಕರ್ಕೊಂಡು ಬಂದು ತೋರಿಸ್ತಿದ್ಲು, ಇವಳ ಮೂಗು ನೋಡು, ಇವಳ ಕೈ ನೋಡು ಅಂತ. ಅವರು ಕತ್ತೆತ್ತಿ ನೋಡಿ, ತಮ್ಮ ತಮ್ಮ ಕೈ ನೋಡ್ಕೊಳ್ತಿದ್ರು. ಅಷ್ಟು ಜನ ನೋಡ್ತಿರೋವಾಗ ಮುಖ ತಿರುಗಿಸೋಕೆ ನನ್ನ ಕೈ ಬರ್ಲಿಲ್ಲ. ಹಗ್ಗ ಬಿಚ್ಚಿ ಇಳಿದುಬಿಟ್ಟೆ."

ಮೊದಲು ಚಪ್ಪಾಳೆ ತಟ್ಟಿದ್ದು ಇದುವರೆಗೆ ನಗುತ್ತಿದ್ದ ಮೀನುಗಾರ. ಆಮೇಲೆ ಯಾರು ತಟ್ಟಿದರು ಯಾರು ಬಿಟ್ಟರು ಹೇಳಲಾಗದಂಥ ಗದ್ದಲ. ಅಧ್ಯಕ್ಷರು ಪಕ್ಕದವರೊಡನೆ ಪಿಸುಗುಟ್ಟಿದರು, ಪ್ರೊಫೆಸರರು ಕಡತದ ದಾರ ಮತ್ತೆ ಬಿಚ್ಚಿದರು, ಅಧಿಕಾರಿಣಿ ನಾಲ್ಕನೆಯ ಉಂಡೆಯನ್ನು ಅವರ ಮುಂದೆ ಸರಿಸಿದಳು. ಪ್ರೊಫೆಸರರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ತಲೆಯಾಡಿಸಿದರು.

"ತಿರುಗಿದ್ದು ಕೈತಪ್ಪಿನಿಂದ" ಎಂದು ಅಧ್ಯಕ್ಷರು ಗುಮಾಸ್ತನಿಗೆ ಬರೆಸಿದರು. "ತಿರುಗಿದ ಹಾಗೇ ಉಳಿದದ್ದು ಒಬ್ಬ ಕೆಲಸಗಾರ ತಿಳಿದು ಮಾಡಿದ ಕೆಲಸದಿಂದ. ಅದಕ್ಕೆ ಸೀಸದ ಸಾಕ್ಷಿ ಇದೆ. ಪ್ರತಿಮೆ ಪೇಟೆಯ ಕಡೆಗೇ ನಿಲ್ಲಲಿ." ಪೆನ್ನಿನ ಮುಚ್ಚಳ ಹಾಕುತ್ತ, "ಆ ಪಾಠಾನೂ ಸ್ವಲ್ಪ ತಿದ್ದಿಸಿ. ಉಬ್ಬರದ ವಿಷಯ ಸೇರಿಸಿ, ಮಕ್ಕಳಿಗೆ ಭೂಗೋಳಾನೂ ಬರುತ್ತೆ" ಎಂದರು.

ಹೊರಗೆ ಮೆಟ್ಟಿಲ ಮೇಲೆ ಹೆಂಡತಿ ಸೊಂಟದ ಮೇಲೆ ಕೈ ಇಟ್ಟು ಕಾಯುತ್ತಿದ್ದಳು.

"ನನ್ನಜ್ಜಿಯಿಂದ್ಲೇ ಅವಳನ್ನ ಹಾಗೇ ಬಿಟ್ಟೆ ಅಂತ ಬೆಳಿಗ್ಗೆನೇ ಹೇಳ್ಬಾರ್ದಿತ್ತಾ? ಅರ್ಧ ಮೂಟೆ ಈರುಳ್ಳಿ ಎಸೆಯೋಣ ಅಂತಿದ್ದೆ ನಿಮ್ಮ ಮೇಲೆ."

"ಬೆಳಿಗ್ಗೆ ನಂಗೇ ಅದು ಹೊಳೆದಿರ್ಲಿಲ್ಲ ಕಣೆ."

"ಕಿವಿ ಬೆಳ್ಳಗಿದೆ. ನಂಬ್ತೀನಿ."

ಮಧ್ಯಾಹ್ನ ಮೂರಕ್ಕೆ ನೀರು ಇಳಿಯಿತು. ಎರಡೂ ದಡದಲ್ಲಿ, ದೋಣಿಗಳಲ್ಲಿ, ಸಚಿವಾಲಯವಾಗಿದ್ದ ಹಳೆಯ ಅರಮನೆಯ ಕಿಟಕಿಗಳಲ್ಲಿ ಜನ. ಅಧಿಕಾರಿಣಿ ಈ ಸಲ ಗೋಣಿ ಬೇಡವೆಂದಿದ್ದಳು. ದೀಪದಕ್ಕ ಕ್ರೇನಿನ ಪಟ್ಟಿಗಳ ನಡುವೆ ಮುಖ ತೆರೆದುಕೊಂಡೇ ಮೇಲೇರಿದಳು. ಮಡಚಿದ ತೋಳು, ಚಪ್ಪಟೆ ಮೂಗು, ತೊಳೆದು ಬೆಳ್ಳಗಾದ ಕಲ್ಲು. ಗಾಳಿಗೆ ಒಂದು ಸುತ್ತು ತಿರುಗಿ ಆಚೆ ದಡ, ಈಚೆ ದಡ ಎರಡನ್ನೂ ನೋಡಿದಾಗ ಪೇಟೆಯ ಕಡೆಯವರು ಒಟ್ಟಿಗೇ "ಈ ಕಡೆ, ಈ ಕಡೆ!" ಎಂದು ಕೂಗಿದರು.

ಪೀಠದ ಮೇಲೆ ನೆಟ್ಟಗಣ್ಣ ಮಂಡಿಯೂರಿ ಕೂತಿದ್ದ. ಅವಳ ಬುಡ ಅವನ ಎದೆಯ ಮಟ್ಟಕ್ಕೆ ಬಂದು ನಿಂತಾಗ ಜೇಬಿನಿಂದ ಸೀಮೆಸುಣ್ಣ ತೆಗೆದ. ಬಾಣ ಬರೆಯಲಿಲ್ಲ. ಪೇಟೆಯ ಕಡೆಯ ಅಂಚಿನಲ್ಲಿ ಒಂದು ದುಂಡನೆಯ ಈರುಳ್ಳಿ ಬರೆದು, ತುದಿಗೆ ಬಾಲ ಎಳೆದ. ಪೀಠದ ಅದೇ ಅಂಚಿನಲ್ಲಿ ಇನ್ನೊಂದು. ಎರಡು ಈರುಳ್ಳಿ ಒಂದರ ಮೇಲೊಂದು ಬರುವ ಹಾಗೆ ಕೈ ಬೀಸಿ ಕ್ರೇನಿನವನಿಗೆ ಸನ್ನೆ ಮಾಡಿದ. ಗೂಟ ರಂಧ್ರಕ್ಕೆ ಇಳಿದು ಕಲ್ಲು ಕಲ್ಲಿಗೆ ತಾಗಿದಾಗ ಅವನ ಮಂಡಿಯವರೆಗೆ ನಡುಕ ಹತ್ತಿತು. ತೂಕದ ಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿದ.

"ನೆಟ್ಟಗಿದೆಯಾ?" ಕೆಳಗಿನಿಂದ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು.

"ಇದೆ!"

"ಸರಿ, ಬುಡದಲ್ಲಿ ಅದೇನ್ರೀ ಬರ್ದಿದ್ದೀರಿ, ಕುಂಬಳಕಾಯಾ?"

ಸುತ್ತಲಿನ ಹೆಂಗಸರೆಲ್ಲ ನಕ್ಕರು. ಕರಗಿದ ಸೀಸದ ಸೌಟು ಮೇಲೆ ಬಂದಿತ್ತು. ಈ ಸಲ ಎಲ್ಲರೂ ನೋಡುತ್ತಿರುವಾಗಲೇ ನೆಟ್ಟಗಣ್ಣ ಅದನ್ನು ನಿಧಾನವಾಗಿ ಹುಯ್ದ.